ಮೋಡದ ಪಾಳಿ

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಗಂಜಿಯಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ಹಾಸಿಗೆಯ ಹೊದಿಕೆ, ಡಾಕ್ಟರುಗಳ ಬಿಳಿ ಕೋಟು, ಎಲ್ಲಕ್ಕೂ ಗಂಜಿ ಹಾಕಿ ಹಿಂಡುವುದು ಅವಳ ಪಾಲಿಗೆ ಬಂದಿತ್ತು. ಒಣಗಿದ ಗಂಜಿ ಮೊಣಕೈವರೆಗೂ ಬೆಳ್ಳಗೆ ಅಂಟಿಕೊಂಡಿರುತ್ತಿತ್ತು. ಬೀದಿಯ ಮಕ್ಕಳು ಅದನ್ನು ಕೆರೆದು ಸುಲಿಯಲು ಪೈಪೋಟಿ ನಡೆಸುತ್ತಿದ್ದವು. ಅವಳೂ ತೋಳು ಚಾಚಿ ಕೂತು ಅವರ ಜೊತೆ ಹರಟುತ್ತಿದ್ದಳು. ಮಾತೆಂದರೆ ಅವಳಿಗೆ ಅಷ್ಟು ಇಷ್ಟ.

ಅವಳ ಗಂಡ ನೇಕಾರ. ನಾನು ಪಕ್ಕದ ಮನೆಯವಳು. ನೂಲನ್ನು ಪುಟ್ಟ ಕಂಡಿಕೆಗಳಿಗೆ ಸುತ್ತಿ ಮಗ್ಗಗಳಿಗೆ ಒದಗಿಸುವುದು ನನ್ನ ಹೊಟ್ಟೆಪಾಡು. ನಮ್ಮೆರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗವೂ ಒಂದೇ. ಆದ್ದರಿಂದ ಅವರ ಸಂಸಾರ ನಾನು ಬಲ್ಲದ್ದು.

ಆ ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದರೂ ಒಬ್ಬರಿಗೊಬ್ಬರು ಸಿಗುತ್ತಿದ್ದದ್ದು ಹೊಸ್ತಿಲಲ್ಲಿ. ಹಗಲಿನ ಕರೆಂಟೆಲ್ಲ ಊರಾಚೆಯ ದೊಡ್ಡ ಕಾರ್ಖಾನೆಗಳಿಗೆ ಹೋಗುತ್ತಿತ್ತು. ನಮ್ಮ ಬೀದಿಗೆ ಬರುತ್ತಿದ್ದದ್ದು ಹೊತ್ತು ಮುಳುಗಿದ ಮೇಲೆ, ಹೋಗುತ್ತಿದ್ದದ್ದು ಬೆಳಗಿಗೆ. ಹಾಗಾಗಿ ಮಗ್ಗಗಳು ರಾತ್ರಿ ದುಡಿಯುತ್ತಿದ್ದವು, ಮಗ್ಗದವರು ಹಗಲು ಮಲಗುತ್ತಿದ್ದರು. ಅವನು ಮೈತುಂಬ ಹತ್ತಿಯ ಧೂಳು ಹೊತ್ತುಕೊಂಡು ಮನೆಗೆ ಬರುವ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿರುತ್ತಿದ್ದಳು.

"ಅನ್ನ ಮುಚ್ಚಿಟ್ಟಿದೀನಿ."

"ಹೂಂ."

"ಸಾರು ಬಿಸಿ ಮಾಡ್ಕೊಳ್ಳಿ."

"ಹೂಂ."

ಅಷ್ಟರಲ್ಲಿ ಅವಳ ಬಸ್ಸು ಬೀದಿಯ ತುದಿಗೆ ಬಂದಿರುತ್ತಿತ್ತು. ಸಂಜೆ ಅವಳು ಇಳಿದು ಬರುವ ಮೊದಲೇ ಅವನು ಮಗ್ಗದ ಷೆಡ್ಡಿನಲ್ಲಿರುತ್ತಿದ್ದ. ವಾರದ ರಜೆಯಲ್ಲಾದರೂ ಸಿಗೋಣವೆಂದರೆ ಅವಳಿಗೆ ಭಾನುವಾರ, ಆ ಹಗಲೆಲ್ಲ ಅವನಿಗೆ ನಿದ್ದೆ. ಅವನಿಗೆ ಲೈನ್ ರಿಪೇರಿಯ ಮಂಗಳವಾರ, ಆ ರಾತ್ರಿ ಅವಳಿಗೆ ಆಸ್ಪತ್ರೆಯಲ್ಲಿ ಪಾಳಿ. ಹಾಸಿಗೆ ಮಾತ್ರ ಇಬ್ಬರಿಗೂ ಒಂದೇ. ಅವನು ಎದ್ದುಹೋದ ಜಾಗದಲ್ಲಿ ಅವಳು ಮಲಗುತ್ತಿದ್ದಳು. ಚಳಿಗಾಲದಲ್ಲಿ ಬೇಗ ಬಂದು ಬಿದ್ದುಕೊಂಡರೆ ದಿಂಬು ಇನ್ನೂ ಸ್ವಲ್ಪ ಬೆಚ್ಚಗಿರುತ್ತದೆ ಎಂದು ಒಮ್ಮೆ ನನ್ನ ಬಳಿ ಹೇಳಿ, ಹೇಳಿದ್ದಕ್ಕೆ ನಾಚಿಕೊಂಡು, ಒಣಗಿದ್ದ ಬಟ್ಟೆಯನ್ನು ಮತ್ತೆ ಕೊಡವಿದ್ದಳು.

ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲವಂತೆ. ಆಗ ಅವನು ಹಗಲು ಕೈಮಗ್ಗ ನೇಯುತ್ತಿದ್ದ. ದೀಪ ಆರಿಸಿದ ಮೇಲೆ ಅವನ ಬಾಯಿ ತೆರೆದುಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಮೇಕೆಯ ಬಾಲ ಹಿಡಿದು ಹಳ್ಳ ದಾಟಿದ್ದು, ಸೋದರಮಾವನ ಹಲ್ಲಿನ ಸೆಟ್ಟು ಬಾವಿಗೆ ಬಿದ್ದದ್ದು, ಹೀಗೆ ಒಂದರ ಹಿಂದೆ ಒಂದು. ಮುಖ ಕಾಣುತ್ತಿರಲಿಲ್ಲ, ಬರೀ ದನಿ. ಅವಳು ನಿದ್ದೆಗೆ ಜಾರುವವರೆಗೂ ಆ ದನಿ ನಡೆಯುತ್ತಿತ್ತು. "ಮಾರನೆ ದಿನ ಕೇಳ್ತಿದ್ದೆ, ಆಮೇಲೇನಾಯ್ತು ಅಂತ. ಎಲ್ಲಿಗೆ ನಿದ್ದೆ ಬಂತು ಅಂತ ಅವರೇ ಕೇಳೋರು. ಅಲ್ಲಿಂದ ಶುರು ಮಾಡೋರು," ಎನ್ನುತ್ತಿದ್ದಳು. ಪವರ್ ಮಗ್ಗ ಬಂತು, ಕೈಮಗ್ಗ ಅಟ್ಟ ಸೇರಿತು, ಆ ಕತ್ತಲ ಮಾತೂ ನಿಂತುಹೋಯಿತು. ಅವಳಿಗೆ ಬೇರೆ ಆಸೆಗಳಿರಲಿಲ್ಲವೆಂದಲ್ಲ. ಆದರೆ ಮನಸ್ಸಿನಲ್ಲಿ ಸದಾ ಕುಟುಕುತ್ತಿದ್ದದ್ದು ಇದೊಂದೇ.

ಹುಟ್ಟಿದ ಮಗಳು ಮಾತು ಕಲಿತ ಮೇಲೆ ಆ ಮನೆಯ ಅಂಚೆಯವಳಾದಳು. ಅಮ್ಮ ಸಂಜೆ ಹೇಳಿದ್ದನ್ನು ಮರುದಿನ ಮಧ್ಯಾಹ್ನ ಶಾಲೆಯಿಂದ ಬಂದು ಅಪ್ಪನಿಗೆ, ಅಪ್ಪ ಹೇಳಿದ್ದನ್ನು ಸಂಜೆ ಅಮ್ಮನಿಗೆ ತಲುಪಿಸುತ್ತಿದ್ದಳು. "ಅಪ್ಪ ಹೇಳಿದ್ರು, ನಿನ್ನ ಕೈ ಒಡೆದಿದೆಯಂತೆ, ಎಣ್ಣೆ ಹಚ್ಕೋಬೇಕಂತೆ." "ಅಮ್ಮ ಹೇಳಿದ್ಳು, ನೀವು ಸಣ್ಣಗಾಗ್ತಾ ಇದೀರಂತೆ." ಗೋಡೆಯಾಚೆ ಕೂತ ನನಗೆ ಆ ಸುದ್ದಿಗಳೆಲ್ಲ ಮುಫತ್ತಾಗಿ ಸಿಗುತ್ತಿದ್ದವು. ಮಗಳು ಬೆಳೆದಳು, ಮದುವೆಯಾಗಿ ಬೇರೆ ಊರಿಗೆ ಹೋದಳು. ಆಮೇಲೆ ಆ ಮನೆಯಲ್ಲಿ ಉಳಿದದ್ದು ಹೊಸ್ತಿಲಿನ "ಹೂಂ" ಒಂದೇ.

ಸೋಲಾರಿನ ಮಾತು ನಮ್ಮ ಬೀದಿಗೆ ಬಂದದ್ದು ಆ ವರ್ಷವೇ. ಷೆಡ್ಡುಗಳ ಸಾಲು ಸೂರನ್ನು ಬಾಡಿಗೆಗೆ ಕೊಡಿ, ನಾವು ಫಲಕ ಹಾಕಿ ನಿಮಗೇ ಕರೆಂಟು ಮಾರುತ್ತೇವೆ ಎಂದು ಯಾವುದೋ ಕಂಪನಿಯವರು ಬಂದಿದ್ದರು. ಒಂದು ಭಾನುವಾರ ಮಧ್ಯಾಹ್ನ ನೂಲಿನ ಗೋದಾಮಿನಲ್ಲಿ ಸಭೆ ಸೇರಿತು. ಮೊದಲ ಷೆಡ್ಡಿನ ಒಡತಿ, ಬೀದಿಗೆಲ್ಲ ದೊಡ್ಡಮ್ಮ. ವಿಧವೆ, ಬಾಯಿ ಜೋರು, ಮನಸ್ಸು ಅದಕ್ಕಿಂತ ದೊಡ್ಡದು. ಬಂದವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸೂರು ನಮ್ದು. ಬಿಸಿಲು ಯಾರಪ್ಪಂದೂ ಅಲ್ಲ. ನಡುವೆ ನೀವ್ಯಾಕಪ್ಪಾ?" ಎಂದಳು. ಅವರು ಟೀ ಕುಡಿದು ಎದ್ದುಹೋದರು.

ಹೋದರೇನೋ ಸರಿ, ಮಾಡುವವರು ಯಾರು? ಲೈನ್‌ಮನ್ ಆಗಿ ನಿವೃತ್ತನಾಗಿದ್ದ ಫ್ಯೂಸ್ ಮಾವ ಗೋಡೆಗೆ ಒರಗಿ ಕೂತಿದ್ದವನು ಕೈಯೆತ್ತಿದ. ಜೀವಮಾನವಿಡೀ ಬೇರೆಯವರ ಕಂಬ ಹತ್ತಿದ್ದೇನೆ, ನಮ್ಮದೇ ಒಂದು ಕೆಲಸ ಮಾಡಿ ಸಾಯುತ್ತೇನೆ ಎಂದ. ಸಾಯುವ ಮಾತು ಆಮೇಲೆ, ಮೊದಲು ಏಣಿ ತಾ ಎಂದು ದೊಡ್ಡಮ್ಮ ರೇಗಿದಳು.

ಎಲ್ಲ ಮನೆಗಳೂ ಪಾಲು ತೆಗೆದುಕೊಳ್ಳಬೇಕು, ಹಣವಿಲ್ಲದವರು ಮೈಮುರಿದು ದುಡಿದು ತೀರಿಸಬೇಕು, ಪಾಲು ಎಷ್ಟೇ ಇರಲಿ ತಲೆಗೊಂದೇ ಮಾತು, ಒಂದೇ ಮತ ಎಂದಾಯಿತು. ಗಂಜಿಯಕ್ಕ ತನ್ನ ಹೆಸರಿನಲ್ಲೇ ಪಾಲು ತೆಗೆದುಕೊಂಡಳು. ಹಗಲು ಕರೆಂಟು ಬಂದರೆ ಮಗ್ಗ ಹಗಲು ನಡೆಯುತ್ತದೆ, ಗಂಡ ಸಂಜೆ ಮನೆಗೆ ಬರುತ್ತಾನೆ. ಅವಳಿಗೆ ಸೋಲಾರ್ ಎಂದರೆ ಇಷ್ಟೇ ಅರ್ಥ. ಕೈಯೆತ್ತಿ ಎಂದಾಗ ಎಲ್ಲರಿಗಿಂತ ಮೊದಲು ಎತ್ತಿದಳು. ಅವಳ ಗಂಡ ಆಚೀಚೆಯವರ ಕೈಗಳನ್ನು ನೋಡಿಕೊಂಡು ನಿಧಾನವಾಗಿ ಎತ್ತಿದ. "ನಿಮ್ಮವರಿಗೆ ಮನಸ್ಸಿಲ್ವೇನೋ," ಎಂದು ನಾನು ಚುಡಾಯಿಸಿದ್ದೆ.

ತಗಡಿನ ಮೇಲೆ ಫಲಕಗಳು ಕೂತವು. ಗಂಡಸರು ಚೌಕಟ್ಟು ಬಿಗಿದರು. ಹೆಂಗಸರು ಸಾಲಾಗಿ ನಿಂತು ಮರಳು, ಇಟ್ಟಿಗೆ ಹೊತ್ತು ಬ್ಯಾಟರಿಗಳಿಗೆ ಕೋಣೆ ಕಟ್ಟಿದೆವು. ಮನೆಯ ದೀಪ, ನೀರಿನ ಪಂಪು, ಬೀದಿಯ ಚಿಕ್ಕ ದವಾಖಾನೆಯ ಔಷಧದ ಫ್ರಿಜ್ಜು, ಇವಕ್ಕೆ ಬ್ಯಾಟರಿ. ಮಗ್ಗಗಳಿಗೆ ನೇರ ಬಿಸಿಲೇ. ಬಳಸಿದರೂ ಬಳಸದಿದ್ದರೂ ಬಾಡಿಗೆ ಕೇಳುತ್ತಿದ್ದ ಹಳೆಯ ಲೈನನ್ನು ಕೆಲವು ತಿಂಗಳಲ್ಲಿ ಕಡಿಸಿಹಾಕಿದರು. ಮಿಕ್ಕ ಕರೆಂಟನ್ನು ಹಿಂದಿನ ಬೀದಿಯ ಐಸ್ ಕಾರ್ಖಾನೆ ಕೊಳ್ಳತೊಡಗಿತು.

ದಟ್ಟ ಮೋಡ ಬಂದರೆ ಎಲ್ಲ ಮಗ್ಗಗಳಿಗೂ ಸಾಲುತ್ತಿರಲಿಲ್ಲ. ಅದಕ್ಕೆ ಸಭೆಯಲ್ಲಿ ಜಗಳವಾಡಿಯೇ ಒಂದು ಪಾಳಿ ಗೊತ್ತುಮಾಡಿಕೊಂಡರು. ಯಾರ ಮಗ್ಗದ ಮೇಲೆ ಕೆಂಪು ಬಲ್ಬು ಹತ್ತುತ್ತದೋ ಅವರು ನಿಲ್ಲಿಸಬೇಕು. ಹಸಿರು ಬಂದರೆ ಮತ್ತೆ ಶುರು. ಇದಕ್ಕೆ ಮೋಡದ ಪಾಳಿ ಎಂದು ಹೆಸರಾಯಿತು. ಫ್ಯೂಸ್ ಮಾವ ಆಕಾಶ ನೋಡಿಕೊಂಡು ಗುಂಡಿ ಒತ್ತುತ್ತಿದ್ದ. ಪಾಳಿ ಬಂದವರು ಅವನಿಗೂ ಆಕಾಶಕ್ಕೂ ಸೇರಿಸಿ ಬೈಯುತ್ತಿದ್ದರು.

ಹಗಲು ಮಗ್ಗ ಓಡಿದ ಮೊದಲ ದಿನ ಗಂಜಿಯಕ್ಕ ಬಸ್ಸಿನಿಂದ ಇಳಿದು ಓಡುತ್ತಲೇ ಬಂದದ್ದನ್ನು ನಾನು ನೋಡಿದ್ದೇನೆ. ಮನೆಯೊಳಗೆ ದೀಪ ಉರಿಯುತ್ತಿತ್ತು. ಅವನು ಸ್ನಾನ ಮಾಡಿ ಕುರ್ಚಿಯ ತುದಿಯಲ್ಲಿ, ನೆಂಟರ ಮನೆಗೆ ಬಂದವನಂತೆ ಕೂತಿದ್ದ. ಅವಳು ಒಲೆ ಹೊತ್ತಿಸಿ, ಬೆನ್ನು ತಿರುಗಿಸಿಕೊಂಡೇ ಮಾತಾಡತೊಡಗಿದಳು. ಬಸ್ಸಿನಲ್ಲಿ ನಡೆದದ್ದು, ಮಗಳ ಫೋನು, ಮೇಲ್ವಿಚಾರಕಿಯ ಮೂಗು. ವರ್ಷಗಳಿಂದ ಕೂಡಿಟ್ಟದ್ದು ಒಂದೇ ಸಮ ಹರಿಯಿತು. ಅತ್ತಲಿಂದ ಒಂದು ಹೂಂ ಕೂಡ ಬರಲಿಲ್ಲ.

ಮೊದಮೊದಲು ದಣಿವು ಎಂದುಕೊಂಡಳು, ಆಮೇಲೆ ಸಿಟ್ಟು ಎಂದುಕೊಂಡಳು. ದೀಪ ಆರಿಸಿದ ಮೇಲೆ ಬೇಕೆಂದೇ ಕೇಳುತ್ತಿದ್ದಳಂತೆ, ಆ ಮೇಕೆಯ ಕಥೆ ಹೇಳಿ ಎಂದು. ಅವನು ಉಸಿರಾಡುವ ಸದ್ದಷ್ಟೇ. ಎಚ್ಚರವಾಗಿಯೇ ಇದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು. ಅದೇ ಅವಳನ್ನು ಕೊಂದದ್ದು.

"ದೂರ ಇದ್ದಾಗ ಕಾಯೋದೇನೂ ಕಷ್ಟ ಆಗ್ಲಿಲ್ಲ ಕಣೇ," ಎಂದಳು ಒಂದು ದಿನ ಹಗ್ಗದ ಬಳಿ. "ಈಗ ಪಕ್ಕದಲ್ಲೇ ಇದಾರೆ. ಯಾರನ್ನ ಕಾಯ್ಲಿ ಹೇಳು."

ನಾನು ಅವಳ ಸೀರೆಯ ಇನ್ನೊಂದು ತುದಿ ಹಿಡಿದು ಮಡಿಸಿಕೊಟ್ಟೆ.

ಆಸ್ಪತ್ರೆಯ ಬಾಯ್ಲರ್ ಕೆಟ್ಟು ಅವಳಿಗೆ ರಜೆ ಸಿಕ್ಕ ಒಂದು ದಿನ, ಅವನು ಮರೆತು ಹೋಗಿದ್ದ ಊಟದ ಡಬ್ಬಿ ಹಿಡಿದು ಅವಳು ಷೆಡ್ಡಿಗೆ ಬಂದಳು. ಹಗಲಿನಲ್ಲಿ ಅವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ನಾನೂ ಕಂಡಿಕೆಯ ಬುಟ್ಟಿ ಹೊತ್ತುಕೊಂಡು ಅಲ್ಲೇ ಇದ್ದೆ. ಮಗ್ಗಗಳ ಗದ್ದಲಕ್ಕೆ ನೆಲವೇ ನಡುಗುತ್ತಿತ್ತು. ಅಷ್ಟರ ನಡುವೆ ಅವಳ ಗಂಡ ಮಗ್ಗದ ಮುಂದೆ ನಿಂತು ಎದುರು ಸಾಲಿನವನ ಜೊತೆ ಹರಟುತ್ತಿದ್ದ. ಸದ್ದಿಲ್ಲದೆ, ಬರೀ ತುಟಿಯಲ್ಲಿ, ಹುಬ್ಬಿನಲ್ಲಿ, ಬೆರಳಿನಲ್ಲಿ. ಹಳೆಯ ಮಗ್ಗದವರೆಲ್ಲ ಮಾತಾಡುವುದು ಹಾಗೆಯೇ. ಅವನು ಏನೋ ಹೇಳಿದ. ಎದುರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೂ ನಕ್ಕ.

ಗಂಜಿಯಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅಷ್ಟು ಮಾತು, ಅಷ್ಟು ನಗು ಎಲ್ಲ ಇಲ್ಲಿ ಖರ್ಚಾಗುತ್ತಿದೆಯಲ್ಲ ಎಂಬುದು ಅವಳ ಮುಖದಲ್ಲಿ ಬರೆದಂತಿತ್ತು.

ಅದೇ ಹೊತ್ತಿಗೆ ಮೋಡ ಕವಿದು ಆ ಸಾಲಿಗೆಲ್ಲ ಕೆಂಪು ಬಲ್ಬು ಹತ್ತಿತು. ಮಗ್ಗಗಳು ಒಂದೊಂದಾಗಿ ನಿಂತವು. ಆ ದಿಢೀರ್ ಮೌನದಲ್ಲಿ ಅವಳು ಹಿಂದಿನಿಂದ, "ರೀ, ಡಬ್ಬಿ ತಂದಿದೀನಿ," ಎಂದು ಕೂಗಿದಳು. ಎಳೆಯ ನೇಕಾರರೆಲ್ಲ ತಿರುಗಿ ನೋಡಿದರು. ಅವನು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಅವನು ಬಗ್ಗಿ ಕಡಿದ ಎಳೆಯೊಂದಕ್ಕೆ ಗಂಟು ಹಾಕುತ್ತಲೇ ಇದ್ದ.

ದೊಡ್ಡಮ್ಮ ಬಂದು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡಳು. "ನಿನಗೆ ಗೊತ್ತಿಲ್ವಾ?" ಎಂದು ಮೆಲ್ಲಗೆ ಕೇಳಿದಳು. "ಅವನಿಗೆ ಕಿವಿ ಹೋಗಿ ಎಷ್ಟೋ ಕಾಲ ಆಯ್ತು ಕಣಮ್ಮ. ನಮ್ಮಲ್ಲಿ ವಯಸ್ಸಾದೋರೆಲ್ಲ ಹಾಗೇ. ಮನೆಯೋಳು, ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ವಿ."

ಅವಳು ಬಂದ ದಾರಿಯಲ್ಲೇ ಹೊರಟುಹೋದಳು.

ಆ ಸಂಜೆ ಅವಳು ಒಲೆ ಹಚ್ಚಲಿಲ್ಲ. ದೀಪದ ಕೆಳಗೆ ಸ್ಟೂಲು ಎಳೆದುಕೊಂಡು ಅವನ ಎದುರಿಗೆ ಕೂತಳಂತೆ. ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಕೇಳಿದಳಂತೆ.

"ಯಾಕೆ ಹೇಳ್ಲಿಲ್ಲ?"

ಅವನು ಅವಳ ತುಟಿಯನ್ನೇ ನೋಡಿದ. ಆಮೇಲೆ, ತನ್ನ ದನಿ ಎಷ್ಟು ಎತ್ತರವೆಂದು ತನಗೇ ತಿಳಿಯದ ದನಿಯಲ್ಲಿ ಹೇಳಿದ. ಅದು ನನಗೂ ಕೇಳಿಸಿತು.

"ಗೊತ್ತಾದ್ರೆ ನೀನು ಮಾತಾಡೋದು ಬಿಟ್ಬಿಡ್ತೀಯ ಅಂತ ಭಯ."

"ಕೇಳಿಸದ ಮೇಲೆ ನಾನು ಮಾತಾಡಿದ್ರೆಷ್ಟು, ಬಿಟ್ರೆಷ್ಟು?"

"ದೀಪ ಆರಿಸಿದ ಮೇಲೆ ನೀನು ಮಾತಾಡ್ತಿದ್ದೆಯಲ್ಲ. ದಿಂಬು ಅದುರೋದು. ಅದಕ್ಕೇ ಎಚ್ಚರ ಇರ್ತಿದ್ದೆ."

ಆಮೇಲೆ ಅವಳು ಅತ್ತದ್ದು ಕೇಳಿಸಿತು. ನಾನು ಎದ್ದು ಹಿತ್ತಲಿಗೆ ಹೋದೆ. ಕೆಲವನ್ನು ಪಕ್ಕದ ಮನೆಯವರೂ ಕೇಳಬಾರದು.

ಅಂದಿನಿಂದ ಅವಳು ಮಗ್ಗದ ಭಾಷೆ ಕಲಿತಳು. ತುಟಿಯನ್ನು ಅಗಲಿಸಿ ಆಡುವುದು, ಹುಬ್ಬಿನಲ್ಲಿ ಪ್ರಶ್ನೆ ಹಾಕುವುದು, ಮಾತು ಮುಗಿಯುವವರೆಗೂ ಮುಖ ತಿರುಗಿಸದೆ ಇರುವುದು. ಅಡುಗೆ ಒಂದು ಗಂಟೆ ತಡವಾಗತೊಡಗಿತು, ಯಾಕೆಂದರೆ ಸೌಟು ಹಿಡಿದವಳು ಬೆನ್ನು ತೋರಿಸುವಂತಿರಲಿಲ್ಲ. ಬೀದಿಯ ದೀಪಗಳೆಲ್ಲ ಆರಿದ ಮೇಲೂ ಅವರ ಮನೆಯ ದೀಪ ಉರಿಯುತ್ತಿತ್ತು. "ನಿಮ್ಮಿಬ್ಬರ ಸರಸಕ್ಕೇ ಒಂದು ಬ್ಯಾಟರಿ ಬೇಕಾಗುತ್ತೆ ನೋಡು," ಎಂದು ಫ್ಯೂಸ್ ಮಾವ ಸಭೆಯಲ್ಲೇ ಅಂದ. "ನಾನೂ ಪಾಲುದಾರಳು ಮಾವ, ಉರಿಸ್ತೀನಿ," ಎಂದಳು.

ಹಳೆಯದನ್ನೆಲ್ಲ ಹರವಿಕೊಂಡು ಕೂರುತ್ತಿದ್ದರು. ಹಾಗೆ ಮಾತಾಡುವಾಗಲೇ ಒಂದು ಸಂಗತಿ ಹೊರಬಿತ್ತು. "ಮಗಳ ಹತ್ರ ಕೈಗೆ ಎಣ್ಣೆ ಹಚ್ಕೋ ಅಂತ ಹೇಳಿ ಕಳಿಸ್ತಿದ್ರಲ್ಲ," ಎಂದಳು ಇವಳು. ಅವನು ಕಣ್ಣರಳಿಸಿದ. ಹಾಗೆ ಹೇಳಿದ್ದೇ ಇಲ್ಲ ಎಂದ. ಸಣ್ಣಗಾಗ್ತಿದೀರ ಅಂತ ನೀನು ಹೇಳಿ ಕಳಿಸಿದ್ದೆಯಲ್ಲ ಎಂದು ಅವನು ಕೇಳಿದರೆ ಇವಳಿಗೂ ನೆನಪಿಲ್ಲ. ಮಗಳು ಬಂದಾಗ ಇಬ್ಬರೂ ಹಿಡಿದು ಕೂರಿಸಿದರು.

ಅವಳು ನಕ್ಕಳು. "ನೀವಿಬ್ರೂ ಹೇಳಿ ಕಳಿಸ್ತಿದ್ದದ್ದು ಬರೀ ಬೇಳೆ, ಸೋಪು, ಸೀಮೆಎಣ್ಣೆ. ಬಾಗಿಲು ದಾಟೋಷ್ಟರಲ್ಲಿ ನಾನೇ ಒಂದು ಮಾತು ಸೇರಿಸ್ತಿದ್ದೆ." ಆಮೇಲೆ ಅಪ್ಪನನ್ನು ನೋಡಿ ಗಂಭೀರಳಾದಳು. "ನಾನು ಹೇಳೋವಾಗ ಅಪ್ಪ ನನ್ನ ಮುಖಾನೇ ನೋಡ್ತಿದ್ರು. ಪ್ರೀತಿ ಅಂದ್ಕೊಂಡಿದ್ದೆ."

"ಅದೂ ಇತ್ತು," ಎಂದ ಅವನು.

ವರ್ಷದ ಕೊನೆಗೆ ಐಸ್ ಕಾರ್ಖಾನೆಯಿಂದ ಬಂದ ಹಣವನ್ನು ಏನು ಮಾಡುವುದೆಂದು ಸಭೆ ಸೇರಿತು. ಹಂಚಿಕೊಳ್ಳೋಣ ಎಂದರು ಕೆಲವರು. ಇನ್ನೊಂದಷ್ಟು ಫಲಕ ಹಾಕೋಣ ಎಂದರು ಇನ್ನು ಕೆಲವರು. ಗಂಜಿಯಕ್ಕ ಎದ್ದು ಮುಂದೆ ಬಂದಳು. ಬಾಯಿ ತೆರೆದಳು, ದನಿ ಬರಲಿಲ್ಲ. ಬೇಕೆಂದೇ ಬರಿಸಲಿಲ್ಲ. ತುಟಿಯಲ್ಲೇ ಏನೋ ಹೇಳುತ್ತ ಹೋದಳು. ಹುಡುಗರು ಮಿಕಿಮಿಕಿ ನೋಡಿದರು. ಹಿಂದೆ ಕೂತಿದ್ದ ಹಳಬರು ಮಾತ್ರ ಒಬ್ಬೊಬ್ಬರಾಗಿ ತಲೆಯಾಡಿಸಿದರು. ಒಬ್ಬ ಕಣ್ಣೊರೆಸಿಕೊಂಡ.

ಆಮೇಲೆ ದನಿ ತೆಗೆದಳು. "ನಿಮಗೆ ಏನೂ ತಿಳೀಲಿಲ್ಲ ಅಂದ್ರೆ ನಿಮ್ಮ ಕಿವಿ ಇನ್ನೂ ನೆಟ್ಟಗಿವೆ ಅಂತ. ತಿಳಿದೋರ ಕಿವಿ ಮಗ್ಗಕ್ಕೆ ಹೋಯ್ತು. ಈ ಹಣ ಕಿವಿಗೆ ಇಡಿ. ಉಳಿದಿರೋ ಕಿವೀನ ಉಳಿಸ್ಕೊಳ್ಳಿ."

"ಕಿವಿ ಮುಚ್ಕೊಂಡ್ರೆ ಮಗ್ಗ ಎಲ್ಲಿ ತಪ್ತು ಅಂತ ಗೊತ್ತಾಗೋದು ಹೇಗಕ್ಕ?" ಎಂದು ಒಬ್ಬ ಹುಡುಗ ಕೇಳಿದ.

"ನಮ್ಮವರಿಗೆ ಹೇಗೆ ಗೊತ್ತಾಗುತ್ತೋ ಹಾಗೆ. ಕೈಗೆ ಗೊತ್ತಾಗುತ್ತೆ. ಹೆಂಡತಿ ಕರೆದದ್ದು ಮಾತ್ರ ಕೈಗೆ ಗೊತ್ತಾಗಲ್ಲಪ್ಪ."

ದವಾಖಾನೆಗೆ ಕಿವಿ ಪರೀಕ್ಷೆಯವರು ಬಂದರು. ಎಳೆಯರಿಗೆಲ್ಲ ಕಿವಿಗೆ ಹಾಕುವ ಮುಚ್ಚಳ ಬಂತು. ಮೊದಲು ಕುತ್ತಿಗೆಗೆ ನೇತುಹಾಕಿಕೊಂಡು ತಿರುಗಿದರು, ದೊಡ್ಡಮ್ಮ ಬೈದ ಮೇಲೆ ಕಿವಿಗೇ ಹಾಕಿಕೊಂಡರು. ಹಳಬರಿಗೆ ಕಿವಿಯ ಯಂತ್ರ ಬಂತು. ಅವಳ ಗಂಡನೂ ಒಂದನ್ನು ಸಿಕ್ಕಿಸಿಕೊಂಡ. ಪಾತ್ರೆ ಬಿದ್ದದ್ದು, ಬಸ್ಸಿನ ಹಾರ್ನು ಕೇಳಿಸಿತು. ಅವಳ ದನಿ ತಗಡಿನ ಡಬ್ಬದೊಳಗಿಂದ ಬಂದಂತೆ ಕೇಳಿಸಿತಂತೆ. ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ. ಮಲಗುವಾಗ ಸಿಳ್ಳೆ ಹೊಡೆಯುತ್ತದೆಂದು ತೆಗೆದಿಡಬೇಕಾಗಿತ್ತು.

"ಎಲ್ಲಾ ಸಿಕ್ತು," ಎಂದಳು ಗಂಜಿಯಕ್ಕ ನನಗೆ. "ಮನುಷ್ಯ ಸಿಕ್ಕಿದ, ಮಾತೂ ಸಿಕ್ತು. ಆದ್ರೆ ದೀಪ ಆರಿದ ಕೂಡಲೆ ಆ ಕಡೆ ಒಂದು ಊರು, ಈ ಕಡೆ ಒಂದು ಊರು. ಕತ್ತಲಲ್ಲಿ ಒಂದು ದನಿ ಕೇಳ್ಬೇಕು ಅಂತಿತ್ತು. ಅದು ಇನ್ನಿಲ್ಲ ಬಿಡು." ಅವನು ಈಗಲೂ ಕೇಳಿದರೆ ಕಥೆ ಹೇಳುತ್ತಾನೆ. ಆದರೆ ಕತ್ತಲಲ್ಲಿ ಇವಳ ಹೂಂ ಅವನಿಗೆ ತಿಳಿಯುವುದಿಲ್ಲ. ಇವಳು ನಿದ್ದೆ ಹೋದಳೋ ಇಲ್ಲವೋ ಎಂದು ಗೊತ್ತಾಗದೆ ನಡುವೆ ನಿಲ್ಲಿಸಿಬಿಡುತ್ತಾನೆ.

ಈ ವರ್ಷ ಮಳೆ ಬಿಡದೆ ಹಿಡಿಯಿತು. ಬ್ಯಾಟರಿಗಳು ಸೊರಗಿದವು. ಇರುವಷ್ಟನ್ನು ನೀರಿನ ಪಂಪಿಗೆ, ಔಷಧದ ಫ್ರಿಜ್ಜಿಗೆ ಇಡೋಣ, ಮನೆಗಳ ದೀಪ ಬೇಡ ಎಂದು ಸಭೆಯಲ್ಲಿ ಮಾತು ಬಂತು. ಗಂಜಿಯಕ್ಕನೂ ಕೈಯೆತ್ತಿದಳು. ಎತ್ತುವಾಗ ಅವಳು ಗಂಡನ ಕಡೆ ನೋಡಿದ್ದನ್ನು ನಾನು ಕಂಡೆ. ಮೋಂಬತ್ತಿ ಇಟ್ಟು ನೋಡಿದರು. ಜ್ವಾಲೆ ಅಲುಗಿದರೆ ತುಟಿಯೂ ಅಲುಗಿದಂತಾಗಿ ಅವನಿಗೆ ಏನೇನೋ ಮಾತು ಕಾಣಿಸುತ್ತಿತ್ತು. ಬೇಳೆ ಎಂದರೆ ಬಾಳೆ ಎನ್ನುತ್ತಿದ್ದ. ಇಬ್ಬರೂ ಒಂದಷ್ಟು ನಕ್ಕು, ಬೇಗ ಮಲಗಿಬಿಡುತ್ತಿದ್ದರು.

ಅವಳು ಆಸ್ಪತ್ರೆಯಲ್ಲಿ ಕೇಳಿಕೊಂಡು ಅರ್ಧ ದಿನದ ಕೆಲಸಕ್ಕೆ ಬದಲಾದಳು. ಸಂಬಳ ಇಳಿಯಿತು, ಇಳಿಯಲಿ ಎಂದಳು. ಮಧ್ಯಾಹ್ನದ ಬಸ್ಸಿಗೆ ಇಳಿದು ನೇರ ಷೆಡ್ಡಿಗೆ ಬಂದು, ಅವನ ಮಗ್ಗದ ಎದುರಿನ ಕಿಟಕಿ ಕಟ್ಟೆಯಲ್ಲಿ, ಮುಖಕ್ಕೆ ಬೆಳಕು ಬೀಳುವಂತೆ ಕೂರುತ್ತಾಳೆ. ಮಗ್ಗ ಓಡುವಾಗ ಅವನ ಕಣ್ಣು ಎಳೆಯ ಮೇಲೆ. ಕೆಂಪು ಬಲ್ಬು ಹತ್ತಿದರೆ ಕೈ ಒರೆಸಿಕೊಂಡು ಅವಳ ಮುಂದೆ ಬಂದು ನಿಲ್ಲುತ್ತಾನೆ.

ಮೊನ್ನೆ ನಾನು ಕಂಡಿಕೆ ಕೊಡಲು ಹೋದಾಗ ಅವನ ಪಾಳಿ ನಡೆಯುತ್ತಿತ್ತು. ಕಥೆ ಯಾವುದೋ ಜೋರಾಗಿಯೇ ಸಾಗಿತ್ತು. ಅವನ ಕೈ ಬಾವಿಯ ಆಳ ತೋರಿಸುತ್ತಿತ್ತು. ಅವಳು ಮಗುವಿನ ಹಾಗೆ ಬಾಯಿ ತೆರೆದು ನೋಡುತ್ತಿದ್ದಳು. ಉಳಿದವರೆಲ್ಲ ಕಿಟಕಿಯಿಂದ ಆಕಾಶ ನೋಡಿ ಗೊಣಗುತ್ತಿದ್ದರು, ಈ ಮೋಡ ಯಾವಾಗ ಸರಿಯುತ್ತದೋ ಎಂದು. ಅವಳೂ ಒಮ್ಮೆ ಆಕಾಶ ನೋಡಿದಳು. ನಮ್ಮ ಸೋಲಾರಿನ ಪಾಲುದಾರಳು, ಬಿಸಿಲು ಬಂದರೆ ಅವಳಿಗೂ ಲಾಭವೇ. ನನ್ನನ್ನು ಕಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಮೆಲ್ಲಗೆ, "ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಅನ್ಸುತ್ತೆ ಕಣೇ," ಎಂದಳು.

ತಗಡಿನ ಮೇಲೆ ಬೆಳಕು ಹರಡಿತು. ಹಸಿರು ಬಲ್ಬು ಹತ್ತಿತು. ಅವನು ನಡುಮಾತಿನಲ್ಲೇ ನಿಲ್ಲಿಸಿ, ಆಮೇಲೆ ಎಂದು ಬೆರಳಾಡಿಸಿ ಮಗ್ಗಕ್ಕೆ ಹಿಂತಿರುಗಿದ. ಅವಳು ಕಟ್ಟೆಯ ಮೇಲೆ ಕಾಲು ಮಡಿಸಿ ಸರಿಯಾಗಿ ಕೂತುಕೊಂಡಳು.